ಯಾರಿಗೆ ಫೋನ್ ಹಚ್ಚಲಿ?

ರಾತ್ರಿ ಹನ್ನೊಂದೂವರೆಗೆ ಅಕ್ಕನ ಫೋನ್ ಬಂತು. ಅವಳದು ಹಾವೇರಿ ಕಡೆಯ ಹಳ್ಳಿ. ಅವಳ ಮಗನಿಗೆ ಆಗ 15 ವರ್ಷ. ಆಟಿಸಂ ಇದೆ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಎರಡು ತಾಸಿನಿಂದ ಗೋಡೆಗೆ ತಲೆ ಹೊಡೆದುಕೊಳ್ಳುತ್ತಿದ್ದ. ತಡೆಯಲು ಹೋದ ಭಾವನ ಕೈ ಕಚ್ಚಿದ್ದ. "ತಮ್ಮಾ, ಯಾರಿಗೆ ಫೋನ್ ಹಚ್ಚಲಿ?" ಎಂದಳು. ಸರ್ಕಾರದ ಆರೋಗ್ಯ ಯೋಜನೆಗಳ ಬಗ್ಗೆ ಆಗಾಗ ಬರೆಯುವ ನನಗೂ ತಟ್ಟನೆ ಒಂದು ನಂಬರ್ ಹೊಳೆಯಲಿಲ್ಲ.

ಪಕ್ಕದ ಮನೆಯವರ ಓಮ್ನಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೋದರು. ಯಾವ ಆಸ್ಪತ್ರೆ ಅನ್ನುವುದು ಬೇಡ. "ಇದು ತಲಿ ಕೇಸ್ ಐತ್ರಿ, ನಮ್ಮಲ್ಲಿ ಆಗೂದಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ರಿ" ಎಂದು ಬಾಗಿಲಿನಲ್ಲೇ ಹೇಳಿದರು. ಚೀಟಿ ಇಲ್ಲ, ಯಾವ ದೊಡ್ಡ ಆಸ್ಪತ್ರೆ ಅಂತಲೂ ಇಲ್ಲ. ಬಾಡಿಗೆ ಕಾರು, ಇನ್ನೊಂದು ಊರು, ಮತ್ತೊಂದು ಸಾಲು. ಎರಡು ದಿನ ಕಳೆದ ಮೇಲೆ ಒಬ್ಬ ಡಾಕ್ಟರು ಟಾರ್ಚ್ ಹಿಡಿದು ಹುಡುಗನ ಬಾಯಿ ನೋಡಿದರು. ಹಿಂದಿನ ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ಹಲ್ಲುನೋವು. ಹೇಳಲು ಬಾರದ ಹುಡುಗ ತಲೆ ಹೊಡೆದುಕೊಂಡು ಹೇಳಿದ್ದ.

ಆ ಎರಡು ದಿನ ಏಕೆ ಹಾಳಾಯಿತು ಅಂತ ಆಮೇಲೆ ಹುಡುಕುತ್ತಾ ಹೋದೆ. ಕರ್ನಾಟಕದಲ್ಲಿ ಸೇವೆಗಳೇ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬೇರೆ ರಾಜ್ಯಗಳಿಗೆ ಹೋಲಿಸಿದರೆ ನಮ್ಮಲ್ಲಿ ಸಾಕಷ್ಟಿವೆ. ಆದರೆ ಒಂದೊಂದು ಸೇವೆಗೂ ತನ್ನ ಕೋಣೆ ಮಾತ್ರ ಗೊತ್ತು. ಪಕ್ಕದ ಕೋಣೆಯಲ್ಲಿ ಏನಿದೆ ಎಂದು ಯಾರೂ ಹೇಳುವುದಿಲ್ಲ. ತುರ್ತು ಪರಿಸ್ಥಿತಿ ಅಂದರೆ ಪೊಲೀಸು, ಆಂಬುಲೆನ್ಸು. ಮಾನಸಿಕ ಕಾಯಿಲೆ ಅಂದರೆ ಆರೋಗ್ಯ ಇಲಾಖೆ. ಆಟಿಸಂಗೆ ಪತ್ತೆ ಮಾಡುವವರು ಆರೋಗ್ಯ ಇಲಾಖೆಯವರು, ಮಾಸಾಶನ ಕೊಡುವವರು ಬೇರೆ, ಶಾಲೆಯಲ್ಲಿ ನೋಡಿಕೊಳ್ಳಬೇಕಾದವರು ಇನ್ನೊಬ್ಬರು. ಇವನ್ನೆಲ್ಲ ಜೋಡಿಸುವ ಕೆಲಸ ಯಾರದು? ಸದ್ಯಕ್ಕೆ ಅಮ್ಮಂದಿರದು.

ಕಾನೂನಿನಲ್ಲೇ ಈ ಗೆರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಆಟಿಸಂ ಬೇರೆ, ಮಾನಸಿಕ ಕಾಯಿಲೆ ಬೇರೆ. ಇದು ಸರಿಯೇ. ಆಟಿಸಂ ಎನ್ನುವುದು ಮಗುವಿನ ಮೆದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಬಂದು ಹೋಗುವ ಕಾಯಿಲೆಯಲ್ಲ, ಮಾತ್ರೆಯಿಂದ ಇಳಿಯುವ ಜ್ವರವೂ ಅಲ್ಲ. ಆದರೆ ಆಟಿಸಂ ಇರುವವರಿಗೂ ಖಿನ್ನತೆ ಬರುತ್ತದೆ, ವಿಪರೀತ ಆತಂಕ ಕಾಡುತ್ತದೆ, ಫಿಟ್ಸ್ ಬರುತ್ತದೆ, ಹಲ್ಲೂ ನೋಯುತ್ತದೆ. ಕಾಗದದ ಮೇಲೆ ಗೆರೆ ಎಳೆಯಬಹುದು. ರಾತ್ರಿ ಹನ್ನೊಂದೂವರೆಗೆ ಯಾವ ಗೆರೆಯ ಯಾವ ಬದಿಯಲ್ಲಿದ್ದೇವೆ ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಿಂದ ಹೊರಗೆ ತರುವ ಪ್ರಯೋಗ ದೇಶದಲ್ಲಿ ಗಟ್ಟಿಯಾಗಿ ನಡೆದಿದ್ದೇ ನಮ್ಮ ಬಳ್ಳಾರಿಯಲ್ಲಿ. 1980ರ ದಶಕದ ನಡುವೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಸಾಮಾನ್ಯ ಮಾನಸಿಕ ತೊಂದರೆಗಳನ್ನು ಅಲ್ಲೇ ಗುರುತಿಸಬೇಕು, ಮಾತ್ರೆ ಅಲ್ಲೇ ಸಿಗಬೇಕು ಎನ್ನುವುದು ಲೆಕ್ಕ. ಈ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಇಂದು ಡಿಎಂಎಚ್‌ಪಿ ಅಂತ ಕರೆಯುವುದು ಇದನ್ನೇ. ತಾಲ್ಲೂಕು ಮಟ್ಟಕ್ಕೆ ಮನೋವೈದ್ಯರು ಮಂಗಳವಾರ ಬಂದು ನೋಡುವ 'ಮನೋಚೈತನ್ಯ' ಶಿಬಿರಗಳು ನಮ್ಮ ರಾಜ್ಯದ್ದೇ ಸೇರ್ಪಡೆ. ಮಂಗಳವಾರ ಅಂದರೆ ಪ್ರತಿ ವಾರ ಅಂದುಕೊಳ್ಳಬೇಡಿ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನುವುದನ್ನು ಆಸ್ಪತ್ರೆಯಲ್ಲಿ ಕೇಳಿಕೊಂಡೇ ಹೋಗಬೇಕು. ನಮ್ಮ ಅಕ್ಕನಿಗೆ ಇದು 15 ವರ್ಷ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಬೋರ್ಡು ಓದಲಾಗದಷ್ಟು ಮಾಸಿತ್ತಂತೆ.

ಬಳ್ಳಾರಿ ಮಾದರಿಯ ದೌರ್ಬಲ್ಯವೂ ಅದರ ಒಳಗೇ ಇತ್ತು. ಎಲ್ಲವೂ ತರಬೇತಿ ಪಡೆದ ಒಬ್ಬ ಡಾಕ್ಟರ ಮೇಲೆ ನಿಂತಿರುತ್ತದೆ. ಅವರಿಗೆ ವರ್ಗಾವಣೆ ಆದರೆ ಕಲಿತದ್ದೂ ಅವರ ಜೊತೆಗೇ ಹೋಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್. ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ 70ರಿಂದ 92 ಶೇಕಡಾ ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಅದು ಹೇಳಿತು. 12 ರಾಜ್ಯಗಳಲ್ಲಿ ನಡೆದ ಈ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ. ಹಾಗಂತ ನಮ್ಮಲ್ಲಿ ಎಲ್ಲ ಸರಿ ಇದೆ ಎಂದು ಕೂರುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆಯಿಂದ ಸತ್ತವರು 13,606 ಜನ.

ಈಗ ನಂಬರ್ ವಿಷಯಕ್ಕೆ ಬರೋಣ. ಮನಸ್ಸಿನ ತೊಂದರೆಗೆ ನೆನಪಿಡಬೇಕಾದ್ದು 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಹಗಲು ರಾತ್ರಿ ಇದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ತಂತ್ರಜ್ಞಾನದ ಹೊಣೆ ಬೆಂಗಳೂರಿನ ಐಐಐಟಿಯದು. ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಮಾತಾಡುತ್ತಾರೆ. ಅವರಿಂದ ಆಗದಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಮುಖಾಮುಖಿ ನೋಡಲೇಬೇಕು ಅನ್ನಿಸಿದರೆ ಜಿಲ್ಲೆಯ ಡಿಎಂಎಚ್‌ಪಿ ಅಥವಾ ಮೆಡಿಕಲ್ ಕಾಲೇಜಿಗೆ ದಾರಿ ತೋರಿಸುತ್ತಾರೆ. 2025ರ ಹೊತ್ತಿಗೆ ದೇಶದಲ್ಲಿ 20 ಲಕ್ಷಕ್ಕೂ ಜಾಸ್ತಿ ಕರೆಗಳು ಬಂದಿವೆ.

ಈ ನಂಬರಿಗೆ ಕರೆ ಮಾಡಲು ಸಾಯುವ ಮನಸ್ಸೇ ಬಂದಿರಬೇಕು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಿದ್ದೆ ಬರುತ್ತಿಲ್ಲ, ಪರೀಕ್ಷೆ ಅಂದರೆ ಕೈ ನಡುಗುತ್ತದೆ, ಬಾಣಂತನದ ನಂತರ ಸುಮ್ನೆ ಅಳು ಬರುತ್ತದೆ, ಮಗನನ್ನು ನೋಡಿಕೊಂಡು ನನಗೇ ಸಾಕಾಗಿದೆ. ಇಷ್ಟು ಸಾಕು ಕರೆ ಮಾಡಲು. ನಿಮಗೇ ಅಲ್ಲದೆ ಮನೆಯವರ ಬಗ್ಗೆಯೂ ಕೇಳಬಹುದು. ಆದರೆ ಟೆಲಿ ಮಾನಸ್ ಅಂದರೆ ಆಂಬುಲೆನ್ಸ್ ಅಲ್ಲ. ಈ ಕ್ಷಣ ಜೀವಕ್ಕೆ ಅಪಾಯವಿದೆ ಅಂದಾಗ 108 ಅಥವಾ 112. ಮಕ್ಕಳ ಮೇಲೆ ದೌರ್ಜನ್ಯ ಅಂದರೆ 1098, ಹೆಣ್ಣುಮಕ್ಕಳಿಗೆ 181, ಹಿರಿಯರಿಗೆ 14567. ಇಷ್ಟೊಂದು ನಂಬರ್ ಯಾರು ನೆನಪಿಡುತ್ತಾರೆ ಅಂತ ನೀವು ಕೇಳಿದರೆ, ನನ್ನ ತಕರಾರೂ ಅದೇ.

ನಂಬರ್ ಸಿಕ್ಕಿತು, ಆಸ್ಪತ್ರೆಗೂ ಹೋದಿರಿ. ಅಲ್ಲಿ "ನಮ್ಮಲ್ಲಿ ಮನೋವೈದ್ಯರಿಲ್ಲ" ಅಂದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಸೆಕ್ಷನ್ ಓದಿದಾಗ ನನಗೆ ಸಿಟ್ಟೇ ಬಂತು. ಅಕ್ಕನ ಊರಿನ ಕಡೆ ಇದನ್ನು ಯಾರೂ ಕೇಳಿದಂತೆಯೇ ಇಲ್ಲ. ಮಾನಸಿಕ ಕಾಯಿಲೆ ಇರುವವರಿಗೆ ಪ್ರಾಣಾಪಾಯ, ಅಥವಾ ಅವರಿಂದ ಅವರಿಗೇ ಇಲ್ಲವೇ ಬೇರೆಯವರಿಗೆ ದೊಡ್ಡ ಹಾನಿ ಆಗುವಂತಿದ್ದರೆ, ನೋಂದಾಯಿತ ವೈದ್ಯರು ಯಾರೇ ಆಗಲಿ ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಆಗಬೇಕಿಲ್ಲ. ನಾಮನಿರ್ದೇಶಿತ ಪ್ರತಿನಿಧಿ, ಹೆಚ್ಚಾಗಿ ಮನೆಯವರೇ, ಜೊತೆಗಿದ್ದರೆ ಅವರ ಒಪ್ಪಿಗೆ ಬೇಕು. ಗರಿಷ್ಠ 72 ಗಂಟೆ. ಅಷ್ಟರಲ್ಲಿ ಮನೋರೋಗ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ತಲುಪಿಸುವುದೂ ಇದರಲ್ಲೇ ಸೇರಿದೆ. ಅಂದರೆ ಬಾಗಿಲಿನಲ್ಲೇ ನಿಲ್ಲಿಸಿ "ಬೇರೆ ಕಡೆ ಒಯ್ರಿ" ಅನ್ನಲು ಈ ಕಾನೂನಿನಲ್ಲಿ ನೆಪ ಸಿಗುವುದಿಲ್ಲ. ನಮ್ಮ ಹುಡುಗನದು ಮಾನಸಿಕ ಕಾಯಿಲೆಯೇ ಅಲ್ಲ, ನಿಜ. ಆದರೆ ಅದನ್ನು 'ತಲಿ ಕೇಸ್' ಅಂದವರು ಅವರೇ ಅಲ್ವಾ? ಹಾಗಾದರೆ ಅದರ ಕಾನೂನಾದರೂ ನೆನಪಾಗಬೇಕಿತ್ತು.

ಪೊಲೀಸರ ಬಗ್ಗೆ ಇರುವ ಭಯ ಇನ್ನೊಂದು. "ಕೇಸ್ ಆಗುತ್ತೆ" ಅಂತ ಹೆದರಿ, ಸಾಯಲು ಯತ್ನಿಸಿದ ಮಗಳನ್ನು ಆಸ್ಪತ್ರೆಗೆ ಒಯ್ಯದೆ ಬೆಳಗಿನವರೆಗೆ ಕಾದ ಮನೆಗಳಿವೆ. ಇದೇ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಹಾಗೆ ಮಾಡಿದರೆ ಮಾತ್ರ ಅಪರಾಧ. ಆಸ್ಪತ್ರೆಯವರು ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಅಂತ ಬರೆದುಕೊಳ್ಳುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಅದು ದಾಖಲೆ. ಅದಕ್ಕೆ ಹೆದರಿ ತಡ ಮಾಡಬೇಡಿ. ಮಾನಸಿಕ ಕಾಯಿಲೆಯಿಂದ ಎಲ್ಲೆಂದರಲ್ಲಿ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೂ ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಬೇಕು.

ಇದೆಲ್ಲ ಮಾನಸಿಕ ಆರೋಗ್ಯದ ಕೋಣೆ. ಆಟಿಸಂನ ಕೋಣೆಗೆ ಬಾಗಿಲು ಇನ್ನೆಲ್ಲೋ ಇದೆ.

ಹೆಚ್ಚಿನ ಮನೆಗಳಲ್ಲಿ ಕತೆ ಒಂದೇ ಥರ ಶುರುವಾಗುತ್ತದೆ. ಮಗುವಿಗೆ ಎರಡು ವರ್ಷ, ಮಾತು ಬಂದಿಲ್ಲ, ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಅಜ್ಜಿ ಅನ್ನುತ್ತಾರೆ, "ಅವರಪ್ಪನೂ ತಡವಾಗಿಯೇ ಮಾತಾಡಿದ್ದು." ಈ ಒಂದು ಮಾತು ಎಷ್ಟು ಮಕ್ಕಳ ಎಷ್ಟು ವರ್ಷ ತಿಂದಿದೆಯೋ. ಆಮೇಲೆ ಕಿವಿ ಕೇಳಿಸುತ್ತಿಲ್ಲವೇನೋ ಅಂತ ಕಿವಿ ಡಾಕ್ಟರು. ಆಮೇಲೆ ತಾಯತ. ಶಾಲೆಗೆ ಸೇರಿಸಿದ ಮೇಲೆ ಟೀಚರ್ ಮನೆಗೆ ಕಳಿಸಿದಾಗಲೇ ಗಾಬರಿ.

ಈ ತಡ ತಪ್ಪಿಸಲೆಂದೇ ಒಂದು ಯೋಜನೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಆರ್‌ಬಿಎಸ್‌ಕೆ. ಇದರ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡುವ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಸಂಶಯ ಬಂದ ಮಗು ಜಿಲ್ಲಾಸ್ಪತ್ರೆಯ ಡಿಇಐಸಿಗೆ ಹೋಗಬೇಕು. ಹೆಸರು ಉದ್ದ, ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ ಎನ್ನಬಹುದು. ಮಕ್ಕಳ ಡಾಕ್ಟರು, ಸ್ಪೀಚ್ ಥೆರಪಿಯವರು, ಫಿಸಿಯೋಥೆರಪಿಯವರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಇರಬೇಕು ಎನ್ನುವುದು ಲೆಕ್ಕ. ಎಲ್ಲ ಕುರ್ಚಿಯೂ ತುಂಬಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಈ ಹೆಸರು ಹೇಳಿ ಕೇಳಿ ನೋಡಿ. ಹೊರರೋಗಿ ಚೀಟಿ ಬರೆಯುವವರಿಗೆ ಗೊತ್ತಿಲ್ಲದಿದ್ದರೆ ಮಕ್ಕಳ ವಿಭಾಗದಲ್ಲಿ ಕೇಳಿ.

ಮುಂದಿನ ಹಂತಕ್ಕೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ, ಮಾತಿಗೆ ಮಾತ್ರ ಅಂತ ಹೆಸರು ನೋಡಿ ಅಂದುಕೊಳ್ಳುತ್ತಾರೆ. ಆಟಿಸಂ ಮಕ್ಕಳಿಗೂ ಅಲ್ಲಿ ಪರೀಕ್ಷೆ, ತರಬೇತಿ ಎರಡೂ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ, ಡಿಮ್ಹಾನ್ಸ್. "ನಿನ್ನ ಧಾರವಾಡಕ್ಕ ಕಳಸ್ಬೇಕು" ಅಂತ ನಾವೆಲ್ಲ ಚಿಕ್ಕಂದಿನಲ್ಲಿ ಒಬ್ಬರನ್ನೊಬ್ಬರು ಕೀಟಲೆ ಮಾಡಿದವರೇ. ಆ ಕೀಟಲೆಯ ಬೆಲೆ ಏನು ಅಂತ ನನಗೆ ಅರ್ಥವಾಗಿದ್ದು, ಅಕ್ಕ ಆ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಪರಿಚಯದವರು ಯಾರೋ ಕಂಡರೆಂದು ವಾಪಸ್ ಬಂದ ದಿನ.

ಪತ್ತೆಯಾದ ಮೇಲೆ ಸರ್ಟಿಫಿಕೇಟ್. ಆಟಿಸಂ ಅಳೆಯಲು ಐಎಸ್‌ಎಎ ಎನ್ನುವ ಭಾರತೀಯ ಅಳತೆಪಟ್ಟಿ ಬಳಸುತ್ತಾರೆ. 40 ಅಂಶಗಳಿವೆ. ತಾಯಿಯನ್ನು ಕೇಳಿ, ಮಗುವನ್ನು ನೋಡಿ ಅಂಕ ಹಾಕುತ್ತಾರೆ. 2021ರ ಜೂನ್‌ನಿಂದ ಅಂಗವಿಕಲರ ಪ್ರಮಾಣಪತ್ರಕ್ಕೆ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್) ಜಾಲತಾಣದಲ್ಲೇ ಅರ್ಜಿ ಹಾಕಬೇಕು. ಅಂಗವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಅದಕ್ಕೂ ಮೇಲಿದ್ದರೆ ಮಾಸಾಶನ, ಪಾಸು, ಮೀಸಲಾತಿಯ ಬಾಗಿಲುಗಳು ತೆರೆಯುತ್ತವೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಕೇಳಲೂ ಇದೇ ಕಾಗದ ಬೇಕು. "ಮಗನಿಗೆ ಹಣೆಪಟ್ಟಿ ಯಾಕೆ" ಅಂತ ಭಾವ ಎಂಟು ವರ್ಷ ಕಾರ್ಡ್ ಮಾಡಿಸಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಊರಿನವರು ಹಣೆಪಟ್ಟಿಯನ್ನು ಕಾರ್ಡಿಗೆ ಕಾಯದೆ ಯಾವತ್ತೋ ಹಚ್ಚಿಯಾಗಿತ್ತು.

ಇನ್ನೂ ಕಡಿಮೆ ಜನಕ್ಕೆ ಗೊತ್ತಿರುವುದು ನ್ಯಾಷನಲ್ ಟ್ರಸ್ಟ್. 1999ರ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆಂದೇ ಇದೆ. ಇದರ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆಸ್ಪತ್ರೆಗೆ ಸೇರಿದ್ದಕ್ಕೆ ಮಾತ್ರ ಅಲ್ಲ, ಥೆರಪಿಗೂ ಒಂದು ಪಾಲು ಇದೆ. ವಾರಕ್ಕೆ ಎರಡು ಮೂರು ಸಲ ಥೆರಪಿಗೆ ನೂರಾರು ರೂಪಾಯಿ ಕೊಡುವ ಮನೆಗೆ ಇದು ಸಣ್ಣ ವಿಷಯವಲ್ಲ. ಖಾಸಗಿ ವಿಮೆ ಇದ್ದವರಿಗೆ ಇನ್ನೊಂದು ಮಾತು. 2017ರ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು.

ದುಡ್ಡಿನ ಮಾತು ಬಂತಲ್ಲ, ಮೋಸದ ಮಾತನ್ನೂ ಆಡಿಬಿಡೋಣ. "ಆರು ತಿಂಗಳಲ್ಲಿ ಆಟಿಸಂ ಗುಣ" ಅನ್ನುವ ಜಾಹೀರಾತುಗಳು ಈಗ ಕನ್ನಡದಲ್ಲೂ ಓಡಾಡುತ್ತಿವೆ. ಹೊಲ ಅಡವಿಟ್ಟು ಸ್ಟೆಮ್ ಸೆಲ್ ಚುಚ್ಚಿಸಲು ಹೊರಟವರಿದ್ದಾರೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ, ಹಾಗೆ ಕೊಡುವುದು, ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಯವರು, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರಬೇಕು. ಕೇಳಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಎದ್ದು ಬನ್ನಿ.

ಈಗ ಆ ರಾತ್ರಿಗೆ ವಾಪಸ್. ಆಟಿಸಂ ಇರುವವರು ಇದ್ದಕ್ಕಿದ್ದಂತೆ ಕೆರಳಿದಾಗ ಎರಡೂ ಕೋಣೆಯವರು ಕೈ ಚೆಲ್ಲುತ್ತಾರೆ. ಥೆರಪಿ ಕೇಂದ್ರಕ್ಕೆ ಸಂಜೆ ಆರಕ್ಕೆ ಬೀಗ. ಆಸ್ಪತ್ರೆಯವರಿಗೆ ಹುಡುಗನ ಕಚ್ಚುವ ಬಾಯಿ ಕಾಣುತ್ತದೆ, ಬಾಯೊಳಗಿನ ಹಲ್ಲು ಕಾಣುವುದಿಲ್ಲ. ನಾನು ಮಾತಾಡಿಸಿದ ವೈದ್ಯರೊಬ್ಬರು ಮೊದಲು ಕೇಳಿದ ಪ್ರಶ್ನೆ, "ಹೊಟ್ಟೆ ಸರಿಯಾಗಿ ಹೋಗುತ್ತಿತ್ತಾ?" ಮಲಬದ್ಧತೆ, ಕಿವಿನೋವು, ಹಲ್ಲುನೋವು, ನಿದ್ದೆಗೇಡು, ಫಿಟ್ಸ್. ಮಾತು ಬಾರದವರ ನಡೆ ದಿಢೀರನೆ ಬದಲಾದರೆ ಮೊದಲು ಮೈ ನೋಡಬೇಕು, ಆಮೇಲೆ ಮನಸ್ಸು. ನೋವಿಲ್ಲದಿದ್ದರೆ ಸದ್ದು, ಬೆಳಕು, ಜನ, ದಿನಚರಿಯ ಬದಲಾವಣೆ ಕಾರಣ ಇರಬಹುದು. ಆಗ ಹತ್ತು ಜನ ಸೇರಿ ಹಿಡಿದರೆ ಜಾಸ್ತಿ ಆಗುತ್ತದೆ. ತಲೆಗೆ ಪೆಟ್ಟಾಗದಂತೆ ದಿಂಬು ಒಡ್ಡಿ, ಟಿವಿ ಆರಿಸಿ, ನೆಂಟರನ್ನು ಹೊರಗೆ ಕಳಿಸಿ, ಒಬ್ಬರು ಮಾತ್ರ ಹತ್ತಿರ ಇದ್ದರೆ ಎಷ್ಟೋ ಸಲ ಇಳಿಯುತ್ತದೆ. ಇಳಿಯದಿದ್ದರೆ, ಪೆಟ್ಟು ಜೋರಾಗಿದ್ದರೆ 108ಕ್ಕೆ ಕರೆ ಮಾಡಿ. ಮೊದಲ ವಾಕ್ಯದಲ್ಲೇ "ಹುಡುಗನಿಗೆ ಆಟಿಸಂ ಇದೆ, ಮಾತು ಬರುವುದಿಲ್ಲ, ಸೈರನ್ನಿಗೆ ಹೆದರುತ್ತಾನೆ" ಅನ್ನಿ.

ಅಕ್ಕ ಈಗ ಒಂದು ಹಾಳೆ ಲ್ಯಾಮಿನೇಟ್ ಮಾಡಿಸಿ ಬಾಗಿಲ ಹಿಂದೆ ತೂಗುಹಾಕಿದ್ದಾಳೆ. ಮಗನ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆ, ಆಗದ ಮಾತ್ರೆ, ನೋವಾದರೆ ಏನು ಮಾಡುತ್ತಾನೆ, ಏನು ಕೊಟ್ಟರೆ ಸಮಾಧಾನ. ಕೊನೆಯ ಸಾಲು, "ದಯವಿಟ್ಟು ಹಲ್ಲು, ಕಿವಿ, ಹೊಟ್ಟೆ ನೋಡಿರಿ." ಯಾವ ಇಲಾಖೆಯೂ ಇಂಥ ಹಾಳೆ ಕೊಟ್ಟಿರಲಿಲ್ಲ. ಯುಡಿಐಡಿ ಕಾರ್ಡ್ ಕೊಡುವಾಗಲೇ ಇದನ್ನೂ ಬರೆದು ಕೊಡಲು ಏನು ಖರ್ಚು?

ಹೊಸ ಕೇಂದ್ರ, ಹೊಸ ಸಹಾಯವಾಣಿ ಕೇಳುವವರು ಕೇಳಲಿ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಚೀಟಿ. ಯಾವ ಬಾಗಿಲಿಗೆ ಮೊದಲು ಹೋದರೂ, ಅಂಗನವಾಡಿಯೇ ಆಗಲಿ, ತಾಲ್ಲೂಕು ಆಸ್ಪತ್ರೆಯೇ ಆಗಲಿ, "ನಮ್ಮಲ್ಲಿ ಆಗೂದಿಲ್ಲ" ಎಂದು ಬಾಯಲ್ಲಿ ಹೇಳಿ ಕಳಿಸಬಾರದು. ಎಲ್ಲಿಗೆ, ಯಾವ ವಾರ, ಯಾರನ್ನು ಕಾಣಬೇಕು ಅಂತ ಬರೆದು ಕೊಡಬೇಕು. ಹೋದರೋ ಇಲ್ಲವೋ ಅಂತ ಹದಿನೈದು ದಿನ ಬಿಟ್ಟು ಒಬ್ಬರು ಕೇಳಬೇಕು. ಈ 'ಕೇಳುವವರು' ಹೊಸದಾಗಿ ಬೇಕಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯು ಅನ್ನುತ್ತಾರೆ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ವಿಆರ್‌ಡಬ್ಲ್ಯುಗಳು ಸ್ವತಃ ಅಂಗವಿಕಲರು. ಗೌರವಧನದ ಮೇಲೆ ಕೆಲಸ ಮಾಡುತ್ತಾರೆ. ಕಾರ್ಡು, ಮಾಸಾಶನ, ಶಿಬಿರ ಎಲ್ಲದರ ದಾರಿ ಇವರಿಗೆ ಗೊತ್ತು. ಆದರೆ ಅವರ ತರಬೇತಿಯಲ್ಲಿ ಆಟಿಸಂ, ಮಾನಸಿಕ ಕಾಯಿಲೆ ಎಷ್ಟು ಪುಟ ಇದೆ? ಕಾಣುವ ಅಂಗವೈಕಲ್ಯ ಪಟ್ಟಿಗೆ ಬೇಗ ಸೇರುತ್ತದೆ, ಕಾಣದ್ದು ಮನೆಯೊಳಗೇ ಉಳಿಯುತ್ತದೆ.

ಅಕ್ಕನ ಪಂಚಾಯಿತಿಯ ವಿಆರ್‌ಡಬ್ಲ್ಯು ಹೆಣ್ಣುಮಗಳು. ಕಾಲಿಗೆ ಪೋಲಿಯೋ, ಮೂರು ಗಾಲಿಯ ಸ್ಕೂಟಿಯಲ್ಲಿ ಬರುತ್ತಾರೆ. ಹೋದ ವರ್ಷ ಮೊದಲ ಸಲ ಮನೆಗೆ ಬಂದಾಗ ಹುಡುಗನನ್ನು ತುಂಬಾ ಹೊತ್ತು ಸುಮ್ಮನೆ ನೋಡಿದರಂತೆ. ಅವನು ಹಗ್ಗದ ತುದಿಯನ್ನು ಕಣ್ಣ ಹತ್ತಿರ ತಿರುಗಿಸುತ್ತಾ ಕೂತಿದ್ದ. "ಅಕ್ಕಾರ, ಹಿಂಗ ಮಾಡೋ ಹುಡುಗ್ರು ಇನ್ನೂ ಎರಡು ಮನ್ಯಾಗ ಅದಾರ್ರಿ. ನಾವು ಅವ್ರಿಗೆ ಕಿವಿ ಕೇಳಂಗಿಲ್ಲ ಅಂತ ಬರ್ಕೊಂಡೀವಿ" ಎಂದರಂತೆ. ಮರುದಿನ ಅಕ್ಕ ಅವರ ಸ್ಕೂಟಿ ಹಿಂದೆ ಕೂತು ಆ ಎರಡು ಮನೆಗೂ ಹೋಗಿ ಬಂದಳು.